ಒಂಟಿ ಬೇಲಿ

ಟಿಲ್ಲಿ ಸತ್ತು ಬಿದ್ದಿದ್ದನ್ನು ಮೊದಲು ಕಂಡವಳು ಲೊವೀನಾ. ನೀರಿನ ತೊಟ್ಟಿಯ ಪಕ್ಕದಲ್ಲಿ ಮುಂಗಾಲು ಮಡಚಿಕೊಂಡು, ಇನ್ನೇನು ಎದ್ದೇಬಿಡುತ್ತದೆ ಎನ್ನುವ ಹಾಗೆ ಒರಗಿತ್ತು. ಬಾಯಿಂದ ಇಳಿದ ಜೊಲ್ಲು ಗಲ್ಲದ ಕೂದಲಿನ ಮೇಲೆ ಮಂಜಾಗಿ ಕೂತಿತ್ತು. ಚರ್ಮದಡಿಯಲ್ಲಿ ಪಕ್ಕೆಲುಬು ಏಣಿಯ ಹಾಗೆ ಕಾಣುತ್ತಿತ್ತು. ಬೇಸಿಗೆಯಿಂದಲೂ ಈ ಹೆಣ್ಣು ಜಿಂಕೆಗೆ ಬೊಗಸೆ ಕಾಳು ಹೆಚ್ಚು ಹಾಕುತ್ತ, ಹಲ್ಲು ಸವೆದಿರಬೇಕು, ಹೊಟ್ಟೆಯಲ್ಲಿ ಹುಳುವಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಬಂದವಳಿಗೆ ಈಗ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ.

ಗಂಡ ಎನಾಸ್ ಕೊಟ್ಟಿಗೆಯಿಂದ ಬಂದು ಬೇಲಿಯ ಕಂಬ ಹಿಡಿದು ನಿಂತ.

“ಸಂಜೆ ಬಂದು ಹೂಳ್ತೀನಿ,” ಎಂದ. “ಗೊಬ್ಬರದ ಗುಂಡಿ ಹಿಂದೆ.”

“ತಲೆ?”

“ತಲೆ ಸಮೇತ.”

ಸಾಕಿದ ಜಿಂಕೆ ಸತ್ತರೆ ಅದರ ತಲೆಯನ್ನು ಸರ್ಕಾರಿ ಪಶುವೈದ್ಯರಿಗೆ ಒಪ್ಪಿಸಬೇಕು ಎನ್ನುವುದು ಪರವಾನಗಿಯ ಷರತ್ತು. ಮಿದುಳಿನ ಬುಡದ ಚೂರನ್ನು ನೋಡಿದರೆ ಸೊರಗು ರೋಗ ಇದೆಯೋ ಇಲ್ಲವೋ ಖಚಿತವಾಗುತ್ತದೆ. ಒಳಹೊಕ್ಕ ರೋಗ ಒಂದೆರಡು ವರ್ಷ ಸುಮ್ಮನಿದ್ದು, ಆಮೇಲೆ ಒಣಗಿಸಿ ಕೊಲ್ಲುತ್ತದೆ. ಜೊಲ್ಲಿನಿಂದ, ಮೂತ್ರದಿಂದ, ಅವು ಬಿದ್ದ ಮಣ್ಣಿನಿಂದಲೂ ಹರಡುತ್ತದೆ. ಮದ್ದಿಲ್ಲ. ಮನುಷ್ಯರಿಗೆ ಬಂದದ್ದನ್ನು ಯಾರೂ ಕಂಡಿಲ್ಲ, ಆದರೂ ಅಂಥ ಮಾಂಸ ತಿನ್ನಬೇಡಿ ಎನ್ನುತ್ತಾರೆ. ಒಂದು ತಲೆಯಲ್ಲಿ ರೋಗ ಸಿಕ್ಕರೆ ಹಿಂಡಿಗೆಲ್ಲ ಗುಂಡು. ಆಮೇಲೆ ವರ್ಷಗಟ್ಟಲೆ ಆ ನೆಲದ ಮೇಲೆ ಜಿಂಕೆ ಕಟ್ಟುವಂತಿಲ್ಲ.

“ಮೂರು ವರ್ಷಕ್ಕೊಮ್ಮೆ ಲೆಕ್ಕ ಹಾಕೋಕೆ ಬರ್ತಾರಲ್ಲ, ಆಗ ಒಂದು ಕಮ್ಮಿ ಇರುತ್ತಲ್ಲ, ಎನಾಸ್?”

“ಆ ವರ್ಷ ಮರ ಬಿದ್ದು ಬೇಲಿ ಮುರೀತಲ್ಲ, ಆವಾಗ ಓಡಿಹೋಯ್ತು ಅಂತೀನಿ. ಓಡಿಹೋಗಿದ್ದು ನಿಜ ತಾನೆ?”

ನಿಜ. ವಾಪಸು ಬಂದದ್ದೂ ನಿಜ.

ಎರಡು ಶರತ್ಕಾಲಗಳ ಹಿಂದಿನ ಮಾತು. ಗಾಳಿಗೆ ಓಕ್ ಮರ ಮಗುಚಿ ಬೇಲಿಯ ಮೇಲೆ ಬಿದ್ದಾಗ ಟಿಲ್ಲಿ ಹಾರಿಹೋಗಿತ್ತು. ಗಂಡು ಜಿಂಕೆಗಳು ಬೆದೆಗೆ ಬಂದು ಕಾಡೆಲ್ಲ ಅಲೆಯುವ ಕಾಲ. ಹೊರಗೆ ಹೋದ ಜಿಂಕೆಯನ್ನು ಮತ್ತೆ ಒಳಗೆ ಸೇರಿಸುವಂತಿಲ್ಲ, ಕಚೇರಿಗೆ ತಿಳಿಸಬೇಕು, ಅವರು ಅದನ್ನು ಕೊಂದು ಪರೀಕ್ಷೆ ಮಾಡುತ್ತಾರೆ. ಆದರೆ ಟಿಲ್ಲಿ ಹುಟ್ಟಿದ ಮರುದಿನವೇ ತಾಯಿಯಿಂದ ಬೇರೆಯಾಗಿ, ಲೊವೀನಾಳ ಅಡುಗೆಮನೆಯ ಒಲೆಯ ಪಕ್ಕ ಬಾಟಲಿ ಹಾಲು ಕುಡಿದು ಬೆಳೆದದ್ದು. ಹಾಗೆ ಬೆಳೆಸಿದರೇನೇ ಜಿಂಕೆ ಮನುಷ್ಯರಿಗೆ ಹೆದರದೆ ಕೈಗೆ ಸಿಗುವುದು; ಹಳೆಯ ಕಟ್ಟಳೆ ಬಿಡದ ಕ್ರೈಸ್ತರಾದ ಆಮಿಶರಲ್ಲಿ, ಆ ಸುತ್ತಿನ ಜಿಂಕೆ ಸಾಕುವ ಮನೆಗಳಲ್ಲೆಲ್ಲ, ಅದು ಹೆಂಗಸರ ಕೆಲಸ. ವಾರ ಕಳೆದ ಮೇಲೆ ಕಾಡಿನ ಅಂಚಿನಲ್ಲಿ ಟಿಲ್ಲಿ ಕಾಣಿಸಿಕೊಂಡಾಗ ಎನಾಸ್, “ನೀನು ಕರಿ. ನಿನ್ನ ದನಿಗೆ ಬರುತ್ತೆ,” ಎಂದಿದ್ದ. ಅವಳು ಕರೆದಳು. ಬಂದಿತು. ಗೇಟು ಹಾಕಿದ್ದು ಅವನು. ಆ ರಾತ್ರಿ ಊಟದ ಮೊದಲು ತಲೆ ಬಾಗಿಸಿದಾಗ ಅವನು ಎಂದಿಗಿಂತ ಹೆಚ್ಚು ಹೊತ್ತು ಮೌನವಾಗಿ ಪ್ರಾರ್ಥಿಸಿದ್ದು ಅವಳಿಗೆ ನೆನಪಿತ್ತು.

ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ನಡೆಯುವ ಭಾನುವಾರದ ಪ್ರಾರ್ಥನೆಯಲ್ಲಿ ಹಾಡುವುದಕ್ಕಲ್ಲದೆ ಹೆಂಗಸರು ಬಾಯಿ ತೆರೆಯುವುದಿಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳೂ ಮದುವೆಯಾಗಿ ದೂರದ ಕೌಂಟಿಗೆ ಹೋದ ಮೇಲೆ ಮನೆಯಲ್ಲಿ ಅವಳು ಮಾತಾಡುತ್ತಿದ್ದದ್ದು ಹೆಚ್ಚಾಗಿ ಜಿಂಕೆಗಳ ಜತೆಗೇ. ತನ್ನ ದನಿಗೆ ಬೆಲೆ ಬಂದದ್ದು ಅದೊಂದು ದಿನ. ಆ ದನಿಯೇ ರೋಗವನ್ನು ಮನೆಯೊಳಗೆ ಕರೆದು ತಂದಿತೇ ಎನ್ನುವುದು ಈಗ ಈ ತಲೆಯೊಂದಕ್ಕೆ ಮಾತ್ರ ಗೊತ್ತು.

ಬಾಡಿಗೆ ವ್ಯಾನು ದಾರಿಯಲ್ಲಿ ಹಾರ್ನ್ ಮಾಡಿತು. ಜಿಂಕೆ ಸಾಕುವವರ ಸಭೆಗೆ ಹೊರಟಿದ್ದ ಎನಾಸ್. ಬೇಲಿಯ ಹೊರಗೆ ಇನ್ನೊಂದು ಬೇಲಿ ಹಾಕಿಸಿ, ಕಾಡಿನ ಜಿಂಕೆಗೂ ಸಾಕಿದ ಜಿಂಕೆಗೂ ಮೂತಿ ತಾಗದಷ್ಟು ಜಾಗ ಬಿಡಬೇಕು ಎಂಬ ಹೊಸ ನಿಯಮ ಬಂದಿತ್ತು. ಅದು ಬೇಡವೆನ್ನಲು ಈ ಸಭೆ.

“ನಾನು ಬರೋವರೆಗೂ ಅದರ ಮೇಲೆ ಹುಲ್ಲು ಮುಚ್ಚಿಡು,” ಎಂದು ಹೇಳಿ ಹೋದ.

ಅವಳು ಹುಲ್ಲು ಮುಚ್ಚಿದಳು. ಒಳಗೆ ಹೋಗಿ ಹಿಟ್ಟು ನಾದಿದಳು. ಮತ್ತೆ ಬಂದು ಹುಲ್ಲು ಸರಿಸಿದಳು. ಪ್ರತಿ ಚಳಿಗಾಲದಲ್ಲೂ ಬೇಟೆಯ ಜಿಂಕೆಯನ್ನು ಕಡಿದು ಮಾಂಸವನ್ನು ಗಾಜಿನ ಭರಣಿಗಳಿಗೆ ತುಂಬಿದ ಕೈ ಅವಳದು. ಕೀಲು ಎಲ್ಲಿ ಬಿಡುತ್ತದೆಂದು ಹುಡುಕಬೇಕಾಗಲಿಲ್ಲ. ರಬ್ಬರ್ ಗ್ಲೌಸು ಹಾಕಿಕೊಂಡು, ಕಿವಿಯ ಬಿಲ್ಲೆ ಹಾಗೆಯೇ ಇರುವಂತೆ ತಲೆಯನ್ನು ಬೇರ್ಪಡಿಸಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಚೀಲವಿಟ್ಟು ಕಟ್ಟಿ, ಮಕ್ಕಳು ಆಡುತ್ತಿದ್ದ ಕೆಂಪು ಎಳೆಗಾಡಿಯಲ್ಲಿ ಹೇರಿಕೊಂಡು ಪಕ್ಕದ ಡೊರೀನಳ ಮನೆಗೆ ನಡೆದಳು.

ಅದನ್ನು ಯಾರಿಗಾದರೂ ಹೇಳಬೇಕೆಂದು ಅವಳಿನ್ನೂ ನಿಶ್ಚಯಿಸಿರಲಿಲ್ಲ. ಮಣ್ಣಿಗೆ ಹೋದದ್ದು ಮತ್ತೆ ಬರುವುದಿಲ್ಲ, ಅಷ್ಟೇ ಅವಳ ಲೆಕ್ಕ.

ಮನೆಯಲ್ಲಿ ವಿದ್ಯುತ್ತಿಲ್ಲದ ಆಮಿಶರ ಫ್ರೀಜರುಗಳೆಲ್ಲ ಇರುವುದು ಹೊರಗಿನವರ ಗ್ಯಾರೇಜಿನಲ್ಲಿ. ಡೊರೀನ್ ಹೊರಗಿನವಳು, ಅವರ ಬಾಯಲ್ಲಿ ಇಂಗ್ಲಿಷಿನವಳು. ತಿಂಗಳಿಗೊಂದಿಷ್ಟು ಕರೆಂಟಿನ ಖರ್ಚು, ಬೇಸಿಗೆಯಲ್ಲಿ ಜೋಳ, ಹಬ್ಬಕ್ಕೊಂದು ಹಣ್ಣಿನ ಪೈ ಅವಳಿಗೆ ಸಲ್ಲುತ್ತಿತ್ತು.

“ಅಯ್ಯೋ ಮಾರಾಯ್ತಿ, ಇನ್ನೂ ಎಷ್ಟು ತುಂಬ್ತೀಯ?” ಡೊರೀನ್ ಚಪ್ಪಲಿ ಎಳೆಯುತ್ತ ಬಂದಳು. “ನಿನ್ನ ಸ್ಟ್ರಾಬೆರಿ ಡಬ್ಬಿ ನಡುವೆ ನನ್ನ ಐಸ್ ಕ್ರೀಮಿಗೆ ಉಸಿರು ಕಟ್ತಿದೆ. ಏನಿದು, ಟರ್ಕಿ ಕೋಳೀನಾ?”

“ಜಿಂಕೆ ತಲೆ.”

“ನನ್ನ ಐಸ್ ಕ್ರೀಮ್ ಪಕ್ಕ ಇಡ್ಬೇಡ. ಅದು ನನ್ನನ್ನ ನೋಡ್ತಾ ಇದ್ರೆ ತಿನ್ನೋಕಾಗಲ್ಲ.” ಎರಡು ಪೊಟ್ಟಣ ಕೈಗೆ ತುರುಕಿದಳು. “ತಗೋ, ಸಾಸೇಜು. ನನ್ನ ಗಂಡ ಹ್ಯಾಂಕ್ ಬಾಣ ಬಿಟ್ಟು ಜಿಂಕೆ ಹೊಡ್ಕೊಂಡು ಬಂದ. ಇಷ್ಟು ವರ್ಷದಲ್ಲಿ ಅವನ ಬಾಣ ಮರಕ್ಕೆ ಬಿಟ್ಟು ಬೇರೆಯದಕ್ಕೆ ತಾಗಿದ್ದು ಇದೇ ಮೊದಲು. ಮೊಮ್ಮಕ್ಕಳು ಬರ್ತಾರೆ ಅಂತ ಎಲ್ಲಾ ಅರೆಸಿಟ್ಟಿದೀವಿ.”

“ಎಲ್ಲಿ ಹೊಡೆದ?”

“ನಿಮ್ಮ ಬೇಲಿ ಹಿಂದೇನೇ. ನಿಮ್ಮ ಹುಡುಗೀರನ್ನ ನೋಡೋಕೆ ಬಂದು ನಿಂತಿತ್ತಂತೆ, ಪಾಪ. ತಂತಿಗೆ ಮೂತಿ ಒತ್ತಿಕೊಂಡು.”

ಲೊವೀನಾ ಪೊಟ್ಟಣ ಹಿಡಿದು ನಿಂತಳು. ತಣ್ಣಗೆ ಕೈ ಸುಡುತ್ತಿತ್ತು. ತಿನ್ನಬೇಡ ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ಎಲ್ಲವನ್ನೂ ಹೇಳಬೇಕು. ಎಲ್ಲವೂ ಎಂದರೆ ಎನಾಸ್. “ದೇವರು ಒಳ್ಳೇದು ಮಾಡ್ಲಿ,” ಎಂದು ಹೇಳಿ ಗಾಡಿ ತಿರುಗಿಸಿದಳು. ದಾರಿಯುದ್ದಕ್ಕೂ ತನ್ನ ಬಾಯಿಂದ ಹೊರಬಿದ್ದ ಆ ಮಾತು ಅವಳಿಗೇ ಅಸಹ್ಯವಾಯಿತು.

ಸಂಜೆ ಎನಾಸ್ ಹುಲ್ಲು ಸರಿಸಿ ನೋಡಿದ. ಅಡುಗೆಮನೆಗೆ ಬಂದು ಕೈ ತೊಳೆದು ಕೂತ. ಅವನು ಕೂಗಾಡುವವನಲ್ಲ. ಕೂಗಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಎಲ್ಲಿದೆ?”

“ಡೊರೀನ್ ಮನೇಲಿ.”

“ಯಾರಿಗೆ ಹೇಳಿದೀಯ?”

“ಯಾರಿಗೂ ಇಲ್ಲ.”

ಅವನು ರೊಟ್ಟಿಗೆ ಬೆಣ್ಣೆ ಸವರಿದ, ತಿನ್ನಲಿಲ್ಲ. “ಹದಿನೆಂಟು ವರ್ಷ ಟ್ರೈಲರ್ ಕಾರ್ಖಾನೇಲಿದ್ದೆ, ಲೊವೀನಾ. ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ಉಚ್ಚೆ. ಈ ಜಿಂಕೆ ಸಾಕಿ ಮಾರೋಕೆ ಶುರು ಮಾಡಿದ ಮೇಲೆ ನಾನು ನನ್ನ ಹೊಲದಲ್ಲಿ ನಡೆದಾಡ್ತಿದೀನಿ. ವಾಪಸ್ ಹೋಗು ಅಂದ್ರೆ ನನ್ನಿಂದ ಆಗಲ್ಲ.”

“ನಾನು ಹೋಗು ಅಂತ ಹೇಳಿಲ್ಲ.”

“ತಲೆ ಕೊಟ್ರೆ ಅದೇ ಆಗೋದು.”

“ರೋಗ ಇಲ್ದೇನೂ ಇರಬಹುದು.”

“ನೀನು ಹಾಗಂದ್ಕೊಂಡಿದೀಯಾ?”

ಅವಳು ಎದ್ದು ಒಲೆಗೆ ಸೌದೆ ನೂಕಿದಳು. ಅವನು ತಟ್ಟೆ ಸರಿಸಿದ. “ನಾಳೆ ಮಧ್ಯಾಹ್ನ ಕುದುರೆಗೆ ಲಾಳ ಹೊಡೆಸಿಕೊಂಡು ಬರೋವಾಗ ಅದನ್ನ ತರ್ತೀನಿ. ಹೂಳೋಣ. ಆಮೇಲೆ ಈ ಮಾತು ಬೇಡ.” ಏಳುತ್ತ, ಮೃದುವಾಗಿಯೇ ಕೇಳಿದ: “ಅದನ್ನ ಒಳಗೆ ಕರೆದಿದ್ದು ಯಾರು ಅಂತ ಅವರು ಕೇಳಿದ್ರೆ ಏನಂತೀಯ?”

ಆ ಮೃದುತನದೊಳಗೆ ಬೀಗ ಬಿದ್ದ ಸದ್ದು ಅವಳಿಗೆ ಕೇಳಿಸಿತು. ಗಂಡನ ವಿರುದ್ಧ ಹೋದವಳು ಎನ್ನಿಸಿಕೊಳ್ಳದೆ ಹೇಳಲಾಗದು, ತಾನೇ ತಪ್ಪಿತಸ್ಥೆಯಾಗದೆ ಅದನ್ನೂ ಹೇಳಲಾಗದು. ಇಪ್ಪತ್ತಾರು ವರ್ಷ ಒಟ್ಟಿಗೆ ಮಲಗಿದ ಹಾಸಿಗೆಯಲ್ಲಿ ಆ ರಾತ್ರಿ ಅವಳು ಅಂಚಿಗೆ ಸರಿದು ಮಲಗಿದಳು.

ಬೆಳಿಗ್ಗೆ ಕಾಳಿನ ಬಕೆಟ್ಟು ಹಿಡಿದು ಹೋದಾಗ ಬೇಲಿಯ ಆಚೆ ಕಾಡಿನ ಗಂಡು ಜಿಂಕೆಯೊಂದು ನಿಂತಿತ್ತು. ಕುತ್ತಿಗೆ ಊದಿಕೊಂಡು, ಕೊಂಬಿಗೆ ಮರದ ತೊಗಟೆ ಅಂಟಿಕೊಂಡು. ಈಚೆಯಿಂದ ಅವಳ ಎಳೆಯ ಹೆಣ್ಣೊಂದು ತಂತಿಯ ಸಂದಿಯಲ್ಲಿ ನಾಲಿಗೆ ಚಾಚಿ ಅದರ ಮೂತಿಯನ್ನು ನೆಕ್ಕುತ್ತಿತ್ತು. ತಂತಿ ಒದ್ದೆಯಾಗಿ ಹೊಳೆಯುತ್ತಿತ್ತು. ಲೊವೀನಾ ಬಕೆಟ್ಟನ್ನು ಕಂಬಕ್ಕೆ ಬಡಿದಳು. ಕಾಡಿನದು ನಾಲ್ಕು ಹೆಜ್ಜೆ ಓಡಿ, ತಿರುಗಿ ನೋಡಿ, ಮತ್ತೆ ಬಂತು. ಓಡಿಸಿದಳು. ಮತ್ತೆ ಬಂತು. ಅದರ ಹಿಂದೆ ಗುಡ್ಡ, ಗುಡ್ಡದ ಹಿಂದೆ ಗುಡ್ಡ, ಎಲ್ಲಿಯೂ ಬೇಲಿಯಿಲ್ಲ. ಇಡೀ ದಿನ ಅವಳಲ್ಲಿ ನಿಂತು ಓಡಿಸುತ್ತಲೇ ಇರಬಹುದಿತ್ತು.

ಎನಾಸ್ ಕುದುರೆ ಕಟ್ಟಿಕೊಂಡು ಹೊರಟ ಮೇಲೆ ಅವಳು ಶಾಲು ಹೊದ್ದು ಫೋನ್ ಗೂಡಿಗೆ ಹೋದಳು. ಮನೆಯೊಳಗೆ ಫೋನ್ ಇಡುವಂತಿಲ್ಲವಾದ್ದರಿಂದ ಅಕ್ಕಪಕ್ಕದ ಐದಾರು ಮನೆಗೆ ಸೇರಿ ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಮರದ ಗೂಡದು; ಒಂದು ಸ್ಟೂಲು, ಒಂದು ಫೋನು, ಸಂದೇಶ ಹಿಡಿದಿಡುವ ಒಂದು ಯಂತ್ರ. ಪ್ರಾಣಿ ಆರೋಗ್ಯ ಕಚೇರಿಯವರು ಎತ್ತಲಿಲ್ಲ. ಹೆಸರು, ನಂಬರು ಹೇಳಿ, ನಾವೇ ಫೋನ್ ಮಾಡುತ್ತೇವೆ ಎಂದಿತು ಒಂದು ಮುದ್ರಿತ ದನಿ. ಹೆಸರು ಹೇಳಿ ಇಟ್ಟ ಮೇಲೆ ಅವಳಿಗೆ ಹೊಳೆಯಿತು: ಈಗ ಮನೆಗೆ ಹೋದರೆ ಅವರ ಉತ್ತರ ಯಂತ್ರದಲ್ಲಿ ಕೂರುತ್ತದೆ, ಗುಂಡಿ ಒತ್ತಿದವರೆಲ್ಲ ಕೇಳುತ್ತಾರೆ. ಎದ್ದು ಹೋಗುವಂತಿಲ್ಲ. ಮಧ್ಯಾಹ್ನ ಎನಾಸ್ ಇದೇ ತಿರುವಿನಲ್ಲಿ ಬರುತ್ತಾನೆ. ಕೂತಿರುವಂತೆಯೂ ಇಲ್ಲ.

ಬಾಗಿಲು ತೆರೆದದ್ದು ವರ್ನಾ, ಅವರ ಸಭೆಯನ್ನು ನಡೆಸುವ ಬಿಷಪ್ಪರ ಹೆಂಡತಿ. “ಓಹೋ, ಗೂಡಲ್ಲಿ ಕಾವು ಕೂತಿದೀಯಾ? ಮೊಟ್ಟೆ ಎಷ್ಟಾಯ್ತು?”

“ಫೋನ್ ಬರೋದಿದೆ, ವರ್ನಾ.”

“ಒಂದೇ ನಿಮಿಷ. ಹಲ್ಲಿನ ಡಾಕ್ಟ್ರ ಹತ್ರ ಹೋಗೋಕೆ ವ್ಯಾನ್ ಹೇಳ್ಬೇಕು. ಇರೋದೇ ನಾಲ್ಕು ಹಲ್ಲು, ಅದರಲ್ಲೂ ಮೂರು ಜಗಳ ಆಡ್ತವೆ.”

ವರ್ನಾಳ ಒಂದು ನಿಮಿಷ ಎಂದರೆ ಡ್ರೈವರನ ಸೊಂಟನೋವು, ಅವನ ಮಗಳ ಬಾಣಂತನ, ಎಲ್ಲವೂ. ಲೊವೀನಾ ಬಾಗಿಲ ಬಳಿ ಶಾಲಿನ ತುದಿ ಹಿಂಡುತ್ತ ನಿಂತಳು. ಕೊನೆಗೂ ವರ್ನಾ ಫೋನ್ ಇಟ್ಟಳು. ಕೈ ತೆಗೆಯುವ ಮೊದಲೇ ಅದು ಹೊಡೆದುಕೊಂಡಿತು, ಅವಳೇ ಎತ್ತಿದಳು, ಕೇಳಿದಳು.

“ಪ್ರಾಣಿ ಆರೋಗ್ಯದವರಂತೆ,” ಎಂದು ಫೋನ್ ಚಾಚಿದಳು. ಹೊರಗೆ ಹೋಗಲಿಲ್ಲ. ಗೂಡಿನ ಗೋಡೆಗೆ ಒರಗಿ ಚೀಲದೊಳಗೆ ಏನನ್ನೋ ಹುಡುಕತೊಡಗಿದಳು.

ಆಚೆಯ ಹೆಂಗಸಿನ ದನಿ ಎಳೆಯದಾಗಿತ್ತು. “ಪರವಾನಗಿ ಯಾರ ಹೆಸರಲ್ಲಿದೆ, ಅಮ್ಮ?”

“ನನ್ನ ಗಂಡನ ಹೆಸರಲ್ಲಿ.”

“ಅವರಿದಾರಾ?”

“ಇಲ್ಲ. ತಲೆ ನನ್ನ ಹತ್ರ ಇದೆ.”

ವರ್ನಾಳ ಕೈ ಚೀಲದೊಳಗೆ ನಿಂತಿತು. ಆ ದನಿ ಒಂದೊಂದಾಗಿ ಕೇಳುತ್ತ ಹೋಯಿತು. ಸೊರಗಿತ್ತಾ? ಹೌದು. ಜೊಲ್ಲು? ಹೌದು. ಎರಡನೆಯ ಬೇಲಿ ಇದೆಯಾ? ಇಲ್ಲ. ಅಕ್ಕಪಕ್ಕದಲ್ಲಿ ಯಾರಾದರೂ ಬೇಟೆಯಾಡಿದ್ದಾರಾ?

“ಪಕ್ಕದ ಮನೆಯವರು. ಸಾಸೇಜು ಮಾಡಿಟ್ಟಿದಾರೆ. ತಿನ್ನಬೇಡಿ ಅಂತ ಈಗಲೇ ಹೋಗಿ ಹೇಳ್ತೀನಿ.”

“ಹೊರಗಿನಿಂದ ಯಾವುದಾದರೂ ಜಿಂಕೆ ನಿಮ್ಮ ಹಿಂಡಿಗೆ ಬಂದು ಸೇರಿದೆಯಾ?”

ಇಲ್ಲ ಎನ್ನಬಹುದಿತ್ತು. ತಲೆಯ ವಿಷಯವಂತೂ ಹೇಳಿಯಾಗಿತ್ತು, ಅಷ್ಟಕ್ಕೆ ನಿಲ್ಲಿಸಿದರೆ ಎನಾಸನಿಗೆ ಶಿಕ್ಷೆ ಕಡಿಮೆ, ತನಗೆ ಪ್ರಾರ್ಥನಾ ಸಭೆಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದು ತಪ್ಪುತ್ತಿತ್ತು. ಆದರೆ ವಾರವಿಡೀ ಟಿಲ್ಲಿ ಅಲೆದ ಜಾಗ ಯಾವುದೆಂದು ಹುಡುಕದಿದ್ದರೆ ಆ ಗುಡ್ಡಗಳಲ್ಲಿ ರೋಗ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

“ಸತ್ತಿದ್ದೇ ಹೊರಗೆ ಹೋಗಿತ್ತು. ಒಂದು ವಾರ. ನಾನು ಕರೆದೆ, ಬಂತು.”

“ನೀವಾ?”

“ನನ್ನ ದನಿಗೆ ಬರೋದು.”

ಆಚೆ ಬರೆದುಕೊಳ್ಳುವ ಸದ್ದು ಕೇಳಿಸಿತು. ಆಮೇಲೆ, ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಒಂದು ಪ್ರಾಣಿಯೂ ಗೇಟು ದಾಟುವಂತಿಲ್ಲ, ನೀವು ಮನೆಯಲ್ಲೇ ಇರುತ್ತೀರಲ್ಲ ಎಂದಿತು ದನಿ.

“ನಾನು ಎಲ್ಲಿಗೆ ಹೋಗ್ತೀನಿ,” ಎಂದಳು ಲೊವೀನಾ.

ಫೋನ್ ಇಟ್ಟ ಮೇಲೆ ವರ್ನಾ ಅವಳ ಮುಖ ನೋಡಲಿಲ್ಲ. ಕೈಚೀಲದ ಬಾಯಿ ಬಿಗಿದಳು. “ಈ ಭಾನುವಾರದ ಪ್ರಾರ್ಥನೆ ನಿಮ್ಮನೇಲಿ ಅಲ್ವಾ?”

“ಹೌದು.”

“ಬೆಂಚಿನ ಬಂಡಿ ಶುಕ್ರವಾರ ಕಳಿಸ್ತೀವಿ,” ಎಂದಳು. ಅದು ಕರುಣೆಯೋ, ವಿಚಾರಣೆಯ ಮೊದಲ ಸಾಲೋ, ಲೊವೀನಾಳಿಗೆ ಅರ್ಥವಾಗಲಿಲ್ಲ. ಎರಡೂ ಇದ್ದೀತು. ಇಡೀ ಸಭೆ ಬಂದು ಅವಳ ಮನೆಯಲ್ಲಿ ಸಾಲಾಗಿ ಕೂರುತ್ತದೆ, ಅವಳು ಎಲ್ಲರಿಗೂ ಕಾಫಿ ಕೊಡಬೇಕು.

ಡೊರೀನಳ ಬಾಗಿಲು ತಟ್ಟಿ ಹೇಳಬೇಕಾದ್ದನ್ನು ಹೇಳಿದಳು. ಡೊರೀನ್ ನಗುವುದನ್ನು ನಿಲ್ಲಿಸಿ, “ಮೊಮ್ಮಕ್ಕಳು ನಿನ್ನೆ ರಾತ್ರಿ ತಿಂದ್ರು,” ಎಂದಳು. “ನಿನ್ನೆ ನಿನಗೆ ಗೊತ್ತಿತ್ತಾ?” ಲೊವೀನಾ ಹೌದೆಂದು ತಲೆಯಾಡಿಸಿದಳು. “ತಲೆ ಇಲ್ಲೇ ಇರ್ಲಿ, ಯಾರಿಗೂ ಕೊಡಲ್ಲ,” ಎಂದು ಡೊರೀನ್ ಬಾಗಿಲು ಹಾಕಿಕೊಂಡಳು.

ಭಾನುವಾರಕ್ಕೆಂದು ಅವಳು ಕಿಟಕಿಯ ಗಾಜು ಒರೆಸುತ್ತಿದ್ದಾಗ ಎನಾಸನ ಕುದುರೆಗಾಡಿ ಅಂಗಳಕ್ಕೆ ಬಂತು. ಗಾಡಿಯ ಹಿಂಭಾಗ ಖಾಲಿಯಿತ್ತು; ಡೊರೀನ್ ತಲೆ ಕೊಡದೆ, ನಡೆದದ್ದನ್ನು ಹೇಳಿ ಕಳಿಸಿರಬೇಕು. ಅವನು ಕುದುರೆ ಬಿಚ್ಚಲಿಲ್ಲ. ಕಿಟಕಿಯ ಹೊರಗೆ ಬಂದು ನಿಂತ.

“ಯಾವಾಗ ಬರ್ತಾರೆ?”

“ನಾಳೆ ಬೆಳಿಗ್ಗೆ.”

“ಯಾರು ಕರೆದಿದ್ದು ಅಂತ ಹೇಳಿದೆ?”

“ನಾನು ಅಂತ.”

“ಗೇಟು ಹಾಕಿದ್ದು?”

“ಅದನ್ನ ಕೇಳಲಿಲ್ಲ. ನಾಳೆ ಕೇಳ್ತಾರೆ. ನೀನೇ ಹೇಳು.”

 ಅವನು ಬೇಲಿಯ ಕಡೆ ತಿರುಗಿದ. ಹೆಣ್ಣುಗಳು ಮೆಲುಕು ಹಾಕುತ್ತಿದ್ದವು.

“ಅಲ್ಲೀವರೆಗೂ?” ಎಂದ.

“ಯಾವುದೂ ಹೊರಗೆ ಹೋಗೋ ಹಾಗಿಲ್ಲ.”

“ಜಿಂಕೆಗಳಾ, ನಾವೂನಾ?”

“ಜಿಂಕೆಗಳೇ,” ಎಂದು ಅವಳು ಮುಂದಿನ ಗಾಜಿಗೆ ಬಟ್ಟೆ ಹಿಂಡಿಕೊಂಡಳು.