ಕೆಮಿಸ್ಟ್ರಿ ಹಳತಾಗುವ ಮುನ್ನ

ಯಾವ ಕಡೆಯಿಂದ ಹಿಡಿದರೂ ಈ ಕಥೆ, ಮೊದಲು ಬೇರೊಂದನ್ನು ಮುಗಿಸಿಕೊಂಡು ಬಾ ಅನ್ನುತ್ತದೆ. ನಂದಿತಾ ನರ್ಸ್ ಆಗಲು ಹೊರಟಳು ಎಂದು ಶುರು ಮಾಡೋಣವೆಂದರೆ, ನರ್ಸಿಂಗ್‌ಗೆ ಅರ್ಜಿ ಹಾಕುವ ಮುಂಚೆ ಮೈಕ್ರೋಬಯಾಲಜಿ ಮುಗಿದಿರಬೇಕು. ಅದಕ್ಕೆ ಮುಂಚೆ ಅನಾಟಮಿ, ಅದಕ್ಕೆ ಮುಂಚೆ ಬಯಾಲಜಿ, ಅದಕ್ಕೂ ಮುಂಚೆ ಕೆಮಿಸ್ಟ್ರಿ. ಹಾಗಾದರೆ ಕೆಮಿಸ್ಟ್ರಿಯಿಂದಲೇ ಶುರು ಮಾಡಲೇ? ಲ್ಯಾಬಿನಲ್ಲಿ ಕನ್ನಡಕ ಹಾಕಿಕೊಂಡು ನಿಂತ ನಡುವಯಸ್ಸಿನ ಹೆಂಗಸಿನಿಂದ?

(ಆ ಡ್ರಾಫ್ಟನ್ನೂ ಬರೆದೆ. ಪ್ರನಾಳದಿಂದ ಹೊಗೆ ಬಂತು, ಹೊಗೆಯಲ್ಲಿ ಅವಳಿಗೆ ತನ್ನ ಬಾಲ್ಯ ಕಂಡಿತು. ನನಗೇ ನಾಚಿಕೆಯಾಗಿ ಅಳಿಸಿದೆ.)

1

ಇನ್ನೊಮ್ಮೆ. ನಂದಿತಾಳ ಮನೆ ಅಮೆರಿಕದ ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ, ಕೆಲಸ ಸೌತ್ ಲೇಕ್ ಯೂನಿಯನ್‌ನಲ್ಲಿ. ರೋಗಿಗಳಿಗೆ ಮಾತ್ರೆ ನುಂಗಲು ನೆನಪಿಸುವ ಆ್ಯಪ್ ಒಂದಿದೆ, ಅದರಲ್ಲಿ ತಪ್ಪು ಹುಡುಕುವ ಟೆಸ್ಟರ್ ಅವಳು. ವರ್ಷಗಟ್ಟಲೆ ಸುಳ್ಳು ರೋಗಿಗಳಿಗೆ ಸುಳ್ಳು ಮಾತ್ರೆ ಕೊಟ್ಟು ಕೊಟ್ಟು ಸಾಕಾಗಿದೆ. ನಿಜವಾದ ಒಬ್ಬರ ಕೈ ಹಿಡಿದು ನಾಡಿ ನೋಡಬೇಕು ಅನ್ನುವುದು ಅವಳ ಆಸೆ.

ಈ ಆಸೆಯ ಮೇಲೂ ನನಗೆ ಸ್ವಲ್ಪ ಗುಮಾನಿ. ಅವಳ ಆಫೀಸಿನಲ್ಲಿ ಲೇಆಫ್ ಮಾತು ಓಡಾಡುತ್ತಿದೆ, ಟೆಸ್ಟಿಂಗ್ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತದಂತೆ...

"ಲೇಆಫ್‌ಗೆ ಹೆದ್ರಿಕೊಂಡು ಹೊರಟ್ಳು ಅಂತ ಬರೀಬೇಡಿ," ಎಂದಳು ನಂದಿತಾ.

"ಮತ್ತೆ ಯಾಕೆ?"

"ಹೇಳಿದ್ನಲ್ಲ. ಒಂದ್ಸಲ ಹೇಳಿದ್ದನ್ನ ನಂಬಕ್ಕೆ ಏನ್ ಕಷ್ಟ ನಿಮ್ಗೆ?"

ಬರೆಯಲಿಲ್ಲ. (ಬರೆದಾಗಿದೆ, ನೀವು ಓದಿಯೂ ಆಯಿತು. ಅವಳಿಗೆ ಹೇಳಬೇಡಿ.)

2

ಈಗ ಗಂಡ. ವರುಣ್ ಪಕ್ಕದೂರು ಬೆಲ್ವ್ಯೂನಲ್ಲಿ ಪ್ರೋಗ್ರಾಂ ಮ್ಯಾನೇಜರ್. ಮೊದಲ ಡ್ರಾಫ್ಟಿನಲ್ಲಿ ಇವನು ಕೂಗಾಡುತ್ತಿದ್ದ, "ಇಂಜಿನಿಯರಿಂಗ್ ಓದಿ ಬೆಡ್‌ಪ್ಯಾನ್ ಎತ್ತಕ್ಕೆ ಹೋಗ್ತೀಯಾ?" ಎನ್ನುತ್ತಿದ್ದ. ಅಂಥ ಗಂಡನನ್ನು ಬರೆಯುವುದು ಸುಲಭ. ನೀವು ಹಲ್ಲು ಕಡಿಯುತ್ತೀರಿ, ಕಥೆ ತನ್ನಷ್ಟಕ್ಕೆ ಓಡುತ್ತದೆ.

ಆದರೆ ವರುಣ್ ಹಾಗಿಲ್ಲ, ಅದೇ ಕಷ್ಟ. ಹೆಂಡತಿ ವಿಷಯ ಎತ್ತಿದ ಕೂಡಲೇ "ಸೂಪರ್ ಕಣೇ" ಎಂದ. ಕಾಲೇಜಿನ ಮಾಹಿತಿ ಸಭೆಗೆ ಜೊತೆಯಲ್ಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಶನಿವಾರ ಬೆಳಿಗ್ಗೆ ಅವಳಿಗೆ ದೋಸೆ ಹುಯ್ದು ಕೊಟ್ಟು, ಲ್ಯಾಪ್‌ಟಾಪ್ ತೆರೆದು ಚಾರ್ಟ್ ಹಾಕಿದ. ಯಾವ ಕೋರ್ಸಿನ ಹಿಂದೆ ಯಾವುದು, ಬಾಣದ ಗುರುತು, ಬಣ್ಣಬಣ್ಣದ ಪಟ್ಟಿ. ಪ್ರಾಜೆಕ್ಟ್ ಅಂದಮೇಲೆ ಅಲ್ಲಲ್ಲಿ ಬಫರ್, ಅಂದರೆ ಬಿಡುವಿನ ಜಾಗ, ಬೇಕು, ಅದನ್ನೂ ಇಟ್ಟ. ಆಫೀಸು ಇದೆಯಲ್ಲ, ಹಾಗಾಗಿ ಒಂದು ಟರ್ಮಿಗೆ ಒಂದೇ ಕೋರ್ಸು, ಅದರ ಬೆನ್ನಿಗೆ ಎರಡು ಟರ್ಮು ವಿಶ್ರಾಂತಿ. ಬೇಸಿಗೆ ಪೂರ್ತಿ ಖಾಲಿ, ಮೈಸೂರಿಗೆ ಹೋಗಬೇಕು. ಮಗಳು ಅನುಶ್ರೀ ಕಾಲೇಜಿಗೆ ಅರ್ಜಿ ಹಾಕುವ ವರ್ಷ ಖಾಲಿ, ಅವಳ ಭರತನಾಟ್ಯ ರಂಗಪ್ರವೇಶದ ವರ್ಷವಂತೂ ಒಂದು ಗೆರೆಯೂ ಇಲ್ಲ. ಇಲ್ಲಿನ ರಂಗಪ್ರವೇಶ ಗೊತ್ತಲ್ಲ? ಹಾಲ್ ಬುಕಿಂಗು, ಬೆಂಗಳೂರಿನಿಂದ ಮೃದಂಗದವರು, ಸೀರೆ, ಫೋಟೋ, ಊರಿಗೆಲ್ಲ ಊಟ. ಮದುವೆಗೂ ಅದಕ್ಕೂ ವರನೊಬ್ಬನದೇ ವ್ಯತ್ಯಾಸ.

ಒಂದೊಂದು ಖಾಲಿ ಜಾಗಕ್ಕೂ ಒಂದೊಂದು ಒಳ್ಳೆಯ ಕಾರಣ. ಹೀಗೆ ಎಲ್ಲವೂ ಒಳ್ಳೆಯ ಕಾರಣಗಳೇ ಆಗಿಬಿಟ್ಟರೆ ಜಗಳ ಆಡುವುದಾದರೂ ಎಲ್ಲಿಂದ? ನಂದಿತಾ ಆಡಲಿಲ್ಲ. ಚಾರ್ಟ್ ಹೇಳಿದಂತೆ ಕೆಮಿಸ್ಟ್ರಿಗೆ ಸೇರಿದಳು, ಸಂಜೆ ಸಂಜೆ ಲ್ಯಾಬಿಗೆ ಓಡಿ ಒಳ್ಳೆಯ ಗ್ರೇಡಿನಲ್ಲಿ ಪಾಸಾದಳು. ವರುಣ್ ಕೇಕ್ ತಂದ.

3

ಭಾನುವಾರ ಮಕ್ಕಳ ಕನ್ನಡ ತರಗತಿ. ಮಕ್ಕಳು ಒಳಗೆ ಒತ್ತಕ್ಷರದ ಜೊತೆ ಗುದ್ದಾಡುತ್ತಿದ್ದರೆ ತಾಯಂದಿರು ಹೊರಗೆ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಾರೆ. ಅಲ್ಲಿ ಸ್ವಪ್ನಾ ಸಿಕ್ಕಳು. ಅವಳೂ ಕೋಡಿಂಗ್ ಬಿಟ್ಟು ಇದೇ ಕಾಲೇಜಿನ ದಾರಿಯಲ್ಲಿ ನಡೆದು ಈಗ ನರ್ಸ್ ಆಗಿರುವವಳು. ನಂದಿತಾ ಹೆಮ್ಮೆಯಿಂದ ಫೋನಿನಲ್ಲಿ ಚಾರ್ಟ್ ತೋರಿಸಿದಳು.

ಸ್ವಪ್ನಾ ಮೇಲೆ ಕೆಳಗೆ ಸರಿಸಿ ನೋಡಿದಳು. "ಯಾರ್ ಮಾಡಿದ್ದೇ ಇದನ್ನ?"

"ವರುಣ್. ಯಾಕೆ, ಚೆನ್ನಾಗಿದೆ ಅಲ್ವಾ?"

"ಚೆನ್ನಾಗೇನೋ ಇದೆ. ಆದ್ರೆ ಐದು ವರ್ಷಕ್ಕಿಂತ ಹಳೇ ಸೈನ್ಸ್ ಕೋರ್ಸ್‌ನ ಆ ಕಾಲೇಜ್‌ನೋರು ಒಪ್ಪಲ್ಲ. ಈ ಲೆಕ್ಕದಲ್ಲಿ ನೀನು ಮೈಕ್ರೋ ಮುಗ್ಸೋ ಹೊತ್ಗೆ ನಿನ್ನ ಕೆಮಿಸ್ಟ್ರಿ ಎಕ್ಸ್‌ಪೈರ್ ಆಗಿರತ್ತೆ. ಅದನ್ನ ಮತ್ತೆ ತಗೊಳ್ಳೋ ಹೊತ್ಗೆ ಬಯಾಲಜಿ. ಇದು ಮುಗಿಯೋ ಪ್ಲ್ಯಾನೇ ಅಲ್ಲ ಕಣೇ. ಮಾಹಿತಿ ಸಭೇಲಿ ಹೇಳೇ ಹೇಳ್ತಾರಲ್ಲ, ನೀನು ಇರ್ಲಿಲ್ವಾ?"

ನಂದಿತಾ ಇದ್ದಳು. ಡ್ಯಾನ್ಸ್ ಟೀಚರ್ ಫೋನ್ ಬಂತೆಂದು ನಡುವೆ ಎದ್ದು ಹೊರಗೆ ಹೋಗಿದ್ದಳು. ವರುಣ್ ಎದ್ದಿರಲಿಲ್ಲ. ಬಾಗಿಲ ಗಾಜಿನಿಂದ ನೋಡಿದಾಗ ಅವನು ತಲೆ ಆಡಿಸುತ್ತಾ ಬರೆದುಕೊಳ್ಳುತ್ತಿದ್ದ. ಅವಳು ಫೋನನ್ನು ಬ್ಯಾಗಿಗೆ ಹಾಕಿದಳು.

ಮನೆಗೆ ಡ್ರೈವ್ ಮಾಡುವಾಗ ಅವಳು ಹಿಂದಿನ ಸೀಟಿನತ್ತ, "ಅನು, ಅಮ್ಮ ನರ್ಸ್ ಆದ್ರೆ ನಿಂಗೆ ಇಷ್ಟಾನಾ?" ಎಂದು ಕೇಳಿದಳು.

"ಶೂರ್," ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ. "ಬಟ್ ಅಪ್ಪ ಸೆಡ್ ನಾಟ್ ಬಿಫೋರ್ ಐ ಗೋ ಟು ಕಾಲೇಜ್."

ಟೆಸ್ಟರ್ ಬುದ್ಧಿ ಎಲ್ಲಿ ಬಿಡುತ್ತದೆ? ಆ ವಾರವೆಲ್ಲ ಅವಳು ಗಂಡನ ಪ್ರೀತಿಯನ್ನೇ ಟೆಸ್ಟ್ ಮಾಡಿದಳು. ಅವನು ಕಾಫಿ ತಂದುಕೊಟ್ಟರೆ ಯಾಕೆ ತಂದ ಎಂದು ಯೋಚಿಸಿದಳು, ತರದಿದ್ದರೆ ಯಾಕೆ ತರಲಿಲ್ಲ ಎಂದು. ಬರೆಯುತ್ತಾ ನನಗೇ ಅವಳ ಬಗ್ಗೆ ಮರುಕ ಬಂತು.

4

ಇಲ್ಲಿ ಮುಗಿಸಬಹುದು. ಎರಡು ಕೊನೆಗಳು ತಯಾರಿವೆ, ಆರಿಸಿಕೊಳ್ಳಿ.

ಒಂದರಲ್ಲಿ ವರುಣ್ ತಪ್ಪೊಪ್ಪಿಕೊಳ್ಳುತ್ತಾನೆ. "ಬೇಡ ಅಂದ್ರೆ ನೀನು ಹಟ ಮಾಡ್ತಿದ್ದೆ. ಹೂಂ ಅಂದು ಎಳೆದ್ರೆ ತಾನಾಗೇ ಬಿಡ್ತೀಯ ಅನ್ಕೊಂಡೆ" ಎಂದು ಅಳುತ್ತಾನೆ.

"ವರುಣ್ ಹೀಗೆಲ್ಲ ಮಾತಾಡಲ್ಲ," ಎಂದಳು ನಂದಿತಾ. "ಅವ್ನು ಸಿಕ್ಕಿಹಾಕ್ಕೊಂಡ್ರೆ ಪಾತ್ರೆ ತೊಳೀತಾನೆ."

ಇನ್ನೊಂದರಲ್ಲಿ ಅವನು ಅಪ್ಪಟ ಅಮಾಯಕ. ಬಫರ್ ಹಾಕುವುದು ಅವನ ಕಸುಬಿನ ಚಟ. ಮನೆ ಪೇಂಟ್ ಮಾಡಿಸಿದಾಗಲೂ ಹಾಕಿದ್ದ, ಹನಿಮೂನಿಗೂ ಹಾಕಿದ್ದ. ಐದು ವರ್ಷದ ಮಾತು ಅವನ ಕಿವಿಗೇ ಬಿದ್ದಿಲ್ಲ. ಇಬ್ಬರೂ ನಗುತ್ತಾರೆ, ಚಾರ್ಟ್ ತಿದ್ದುತ್ತಾರೆ.

"ಇದು ನಿಮ್ಗೆ ಇಷ್ಟವಾಗಿರೋ ಕೊನೆ," ಎಂದಳು. "ಒಂದ್ ಮಾತ್ ಕೇಳ್ಲಾ? ಇಷ್ಟ್ ಪುಟ ಆಯ್ತು, ನನ್ನ ಬಯಾಲಜಿ ಕ್ಲಾಸಿನ ಬಾಗಿಲ್ವರೆಗೂ ನೀವು ಬಿಟ್ಟಿಲ್ಲ. ಮೊದ್ಲು ಬಾಲ್ಯ, ಆಮೇಲೆ ಲೇಆಫು, ಆಮೇಲೆ ಗಂಡ, ಈಗ ಆ ಕೊನೆ, ಈ ಕೊನೆ. ನಿಮ್ಗೂ ನಾನು ಅಲ್ಲಿಗೆ ಹೋಗೋದು ಬೇಕಾಗಿಲ್ಲ ಅಲ್ವಾ? ಹೋಗ್ಬಿಟ್ರೆ ನಿಮ್ಮ ಕಥೆ ಮುಗೀತು."

ನನ್ನ ಹತ್ತಿರವೂ ಒಳ್ಳೆಯ ಕಾರಣಗಳಿದ್ದವು. ಕಥೆಗೆ ಹಿನ್ನೆಲೆ ಬೇಕು, ಓದುಗರು ಕಾಯಬೇಕು.

"ಅವ್ನು ಬೇಕಂತ ಮಾಡಿದ್ನಾ? ನಿಮ್ಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ," ಎಂದು ಅವಳು ಊಟಕ್ಕೆ ತಟ್ಟೆ ಹಾಕಲು ಹೋದಳು.

5

ಬೆಳಗಾದರೆ ಮುಂದಿನ ಟರ್ಮಿನ ನೋಂದಣಿ. ಚಾರ್ಟ್ ಪ್ರಕಾರ ಅದು ಬಫರ್. ಅನುಶ್ರೀ ತಿಂದು ಎದ್ದು ಹೋಗಿದ್ದಳು. ಗಂಡ ಹೆಂಡತಿ ಎದುರುಬದುರು ಕೂತಿದ್ದರು.

"ನಾಳೆ ಬಯಾಲಜಿಗೆ ರಿಜಿಸ್ಟರ್ ಮಾಡ್ತಿದೀನಿ," ಎಂದಳು ನಂದಿತಾ. "ಬೇಸಿಗೇಲಿ ಅನಾಟಮಿ. ನೀವಿಬ್ರು ಮೈಸೂರಿಗೆ ಹೋಗ್ಬನ್ನಿ."

ವರುಣ್ ಅನ್ನ ಕಲಸುವುದನ್ನು ನಿಲ್ಲಿಸಿದ. "ಸರಿ. ಚಾರ್ಟ್ ಅಪ್‌ಡೇಟ್ ಮಾಡ್ಲಾ?"

"ಬೇಡ. ಇನ್ಮೇಲೆ ಚಾರ್ಟ್ ಬೇಡ."

"ಯಾಕೆ, ಏನಾದ್ರೂ ತಪ್ಪಾಗಿತ್ತಾ ಅದ್ರಲ್ಲಿ?"

ವಾರವೆಲ್ಲ ಅವಳು ನುಂಗಿಕೊಂಡಿದ್ದ ಪ್ರಶ್ನೆಯನ್ನು ಅವನೇ ಕೇಳಿಬಿಟ್ಟಿದ್ದ. ನಂದಿತಾ ತಲೆಯೆತ್ತಿ ಅವನ ಮುಖವನ್ನು ನೇರವಾಗಿ ನೋಡಿದಳು. ನಾನೂ ಇಣುಕಿದೆ. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ಅವಳು ನೋಡಿದಳು, ಬಹಳ ಹೊತ್ತು ನೋಡಿದಳು. ಆ ಬೆನ್ನು ನಿಧಾನವಾಗಿ ಸಡಿಲಾಯಿತು. ನೆಮ್ಮದಿಯಿಂದಲೋ, ಸೋತೋ, ಅದನ್ನು ಬೆನ್ನು ನೋಡಿ ಹೇಳುವವರು ಯಾರೂ ಇಲ್ಲ. ಅವಳಿಗೆ ಉತ್ತರ ಸಿಕ್ಕಿತು ಅನ್ನುವಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ.

ಈಗಲಾದರೂ ನನ್ನತ್ತ ತಿರುಗಿ ಹೇಳುತ್ತಾಳೆಂದು ಕಾದೆ. ಅವಳು ತಿರುಗಲಿಲ್ಲ.

"ಮೊಸರು ಹಾಕ್ಲಾ?" ಎಂದು ಗಂಡನನ್ನು ಕೇಳಿದಳು.