ನೀರಿಲ್ಲದ ಕಡವಿನ ಈನಕ್

ಈನಕ್ ಥರ್ಲೋ ಒಣನೆಲದ ಮೇಲೂ ಓಲಾಡುವ ದೋಣಿಯಲ್ಲಿ ಹೆಜ್ಜೆಯಿಡುವವನಂತೆ ಕಾಲಗಲಿಸಿಯೇ ನಡೆಯುತ್ತಿದ್ದ. ಡಾಂಬರಿನ ವಾಸನೆ ಬಿಡದ ಅಜ್ಜನ ಕಾಲದ ಕೋಟು ಬೇಸಗೆಯಲ್ಲೂ ಅವನ ಮೈಬಿಟ್ಟು ಇಳಿಯುತ್ತಿರಲಿಲ್ಲ. ವಿಚಿತ್ರವೆಂದರೆ ಅವನು ಜೀವಮಾನದಲ್ಲಿ ದೋಣಿ ಹತ್ತಿದವನೇ ಅಲ್ಲ. ಅವನು ಹುಟ್ಟುವ ಮೊದಲೇ ಇಂಗ್ಲೆಂಡಿನ ಆ ಜೌಗುಸೀಮೆಯನ್ನು ಒಣಗಿಸಿದವರು ಹೊಳೆಯನ್ನು ದೂರಕ್ಕೆ ತಿರುಗಿಸಿಬಿಟ್ಟಿದ್ದರು. ಊರಿನ ಹೆಸರು ಮಾತ್ರ ವಿದಿಹೈದ್ ಎಂದೇ ಉಳಿದಿತ್ತು. ಹೈದ್ ಎಂದರೆ ಹಳೆಯ ಮಾತಿನಲ್ಲಿ ದೋಣಿ ತಂಗುವ ಕಡವು. ಪಕ್ಕದೂರಿನ ಹೆಸರಿನ ಕೊನೆಗೆ ಅಂಟಿಕೊಂಡಿರುವ ಸ್ಟೇದ್ ಕೂಡ ಅದೇ ಕುಲದ್ದು. ಬಸ್ಸಿನ ಫಲಕದಲ್ಲಿ ಆ ಹೆಸರುಗಳನ್ನು ದಿನವೂ ಓದುವವರಿಗೆ ಅವುಗಳ ಅರ್ಥದ ಗೊಡವೆ ಇರಲಿಲ್ಲ.

ಥರ್ಲೋ ಮನೆತನದ್ದು ಕಡವು ಕಾಯುವ ಕೆಲಸ. ಹೊಳೆಯಿಂದ ಕೂಗು ಬಂದರೆ ಓಗೊಡದೆ ಇರಕೂಡದು; ಆ ದನಿಯ ಜಾಡು ಹಿಡಿದೇ ಮಂಜಿನಲ್ಲಿ ದೋಣಿಗಳು ದಡ ಸೇರುತ್ತಿದ್ದವು. ಹೊಳೆ ಹೋದರೂ ರೂಢಿ ಹೋಗಲಿಲ್ಲ. ಮಂಜು ಕವಿದ ಸಂಜೆಗಳಲ್ಲಿ ಈನಕ್, ಕೊಯ್ದ ಗೋಧಿಹೊಲದೊಳಕ್ಕೆ ಇಳಿದು ಮುಗಿಯುವ ಹಳೆಯ ಕಡವಿನ ಕಲ್ಲುಮೆಟ್ಟಿಲ ಮೇಲೆ ನಿಂತು ಕಿವಿಗೊಡುತ್ತಿದ್ದ.

"ಏನಜ್ಜ, ಇವತ್ತು ಯಾರ್ ಬಂದಿದ್ರು?" ಎಂದು ಪಬ್ಬಿಗೆ ಹೊರಟವರು ಕೆಣಕುತ್ತಿದ್ದರು.

"ನಿಮ್ ತಾತ ಬಂದಿದ್ದ ಕಣೋ. ನಿನ್ ಮುಖ ಮಾತ್ರ ತೋರಿಸ್ಬೇಡ ಅಂದ."

ಮಗಳು ಕೆಜಾಯಳಿಗೆ ಇದು ನಗುವ ಮಾತಾಗಿರಲಿಲ್ಲ. ಅಪ್ಪನ ಕೆಮ್ಮು ಎದೆಗಿಳಿದಿತ್ತು, ಈ ಚಳಿಯಲ್ಲೇ ಇದ್ದರೆ ಮುದುಕ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಪಟ್ಟಣದ ತನ್ನ ಮನೆಗೆ ಅವನನ್ನು ಕರೆದೊಯ್ಯಲು ಅವಳು ಬಂದಿದ್ದಳು.

"ನಾನ್ ಬಂದ್ರೆ ಇಲ್ಲಿ ಓಗೊಡೋರ್ಯಾರೇ?"

"ಕೂಗೋರೇ ಇಲ್ವಲ್ಲಪ್ಪ!"

"ಹಂಗಾದ್ರೆ ಇವತ್ತು ನೀನೇ ಹೋಗಿ ನಿಲ್ಲು. ಯಾರೂ ಕೂಗ್ಲಿಲ್ಲ ಅಂದ್ರೆ ನಾಳೆನೇ ಹೊರಡ್ತೀನಿ."

ಗೆದ್ದೆನೆಂದುಕೊಂಡು ಹೋದಳು. ಮಂಜಿನಲ್ಲಿ ತನ್ನ ಕೈ ತನಗೇ ಕಾಣದು. ಸಾಕು, ಹೊರಡೋಣ ಎಂದು ತಿರುಗುವಷ್ಟರಲ್ಲಿ ಹೊಲದ ನಡುವಿನಿಂದ ಹೆಂಗಸೊಬ್ಬಳ ದನಿ ಬಂತು: "ಕಡವಲ್ಲಿ ಯಾರಿದೀರಾ?" ಕೆಜಾಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುಮ್ಮನಿದ್ದರೆ ಅಪ್ಪ ಬದುಕುತ್ತಾನೆ. ಮತ್ತೆ ಕೂಗು; ಕೆಳಮೆಟ್ಟಿಲಿಗೆ ನೀರು ಬಡಿಯುವ ಸದ್ದು; ಆಮೇಲೆ ಎಳೆಗೂಸಿನ ಅಳು. ಅವಳಿಂದ ತಡೆಯಲಾಗಲಿಲ್ಲ. "ಇಲ್ಲೇ! ಈ ಕಡೆ ಬನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಹಸಿ ಕೆಸರಿನ ತಣ್ಣನೆಯ ವಾಸನೆಯೊಂದು ಅವಳ ಭುಜಕ್ಕೆ ಸೋಕಿಕೊಂಡು ಮೆಟ್ಟಿಲೇರಿ ಹೋಯಿತು.

"ಯಾರಾದ್ರೂ ಕೂಗಿದ್ರಾ?" ಎಂದ ಅಪ್ಪ, ಅವಳು ಮನೆಗೆ ಮರಳಿದಾಗ.

"ಇಲ್ಲಪ್ಪ."

"ನಿನ್ ದನಿ ಇಲ್ಲಿವರ್ಗೂ ಕೇಳಿಸ್ತು ಮಗಳೇ," ಎಂದು ಅವನು ಪ್ರೀತಿಯಿಂದ ನಕ್ಕ. ಅವಳು ಅತ್ತುಬಿಟ್ಟಳು.

ಈನಕ್ ಆ ಚಳಿಗಾಲ ದಾಟಲಿಲ್ಲ. ಕೆಜಾಯ ಪಟ್ಟಣಕ್ಕೆ ಮರಳಲೂ ಇಲ್ಲ. ಕಡವು ಕಾಯುವವರ ಜಾತಿಯೇ ಹಾಗೆ: ಕೂಗಿದವರು ಬದುಕಿದ್ದಾರೋ ಸತ್ತಿದ್ದಾರೋ ಎಂದು ಅವರು ವಿಚಾರಿಸುವುದಿಲ್ಲ, ಒಮ್ಮೆ ಓಗೊಟ್ಟ ಮೇಲೆ ದಡ ಬಿಟ್ಟು ಹೋಗುವ ಸ್ವಾತಂತ್ರ್ಯ ಅವರಿಗೆ ಉಳಿಯುವುದೂ ಇಲ್ಲ.