ಗ್ರೈಂಡರ್ ನಿಂತಾಗಿನ ಹೊಗೆ

ಲೇಕ್ ಗಾರ್ಡನ್ಸ್ ಬಡಾವಣೆಯಲ್ಲಿ ಪ್ರಣೀತಾಳ ಅಪ್ಪನ ಕೇಟರಿಂಗ್ ಶೆಡ್ಡಿನ ಹಿಂದೆ ಜನರೇಟರ್ ಗುಡುಗುತ್ತಿತ್ತು. ಅದರ ಹೊಗೆಕೊಳವೆಗೆ ಅವಳು ಕೂಡಿಸಿದ್ದ ಉಕ್ಕಿನ ಡಬ್ಬಿಯೊಳಗೆ ಪ್ಲಾಟಿನಂ ಸವರಿದ ಜೇನುಗೂಡಿನಂಥ ಅಚ್ಚು. ಪಕ್ಕದ ಸಿಲಿಂಡರಿನಿಂದ ಅದಕ್ಕೆ ಚೂರುಚೂರೇ ಹೈಡ್ರೋಜನ್. ಡೀಸೆಲ್ ಹೊಗೆಯ ನೈಟ್ರೋಜನ್ ಆಕ್ಸೈಡು, ಎದೆ ಹಿಂಡುವ ಆ ವಿಷ, ಅಲ್ಲಿ ಬರಿಯ ಸಾರಜನಕವೂ ನೀರೂ ಆಗಿ ಹೊರಬರಬೇಕು. ದಸರೆಯ ಪೂಜೆ ಕಳೆದಾಗಿನಿಂದ ಬರುತ್ತಲೂ ಇತ್ತು. ಮುಕ್ಕಾಲು ಪಾಲು ವಿಷ ಮಾಯ! ಅದನ್ನೇ ನೆಚ್ಚಿ ಅವಳ ಸಂಶೋಧನೆಯ ಗೈಡ್ ವಸುಂಧರಾ ಮೇಡಂ ನಾಳೆ ದೆಹಲಿಯ ಸಭೆಯಲ್ಲಿ ಮಾತಾಡುವವರಿದ್ದರು. ಹೊರಡುವ ಮುಂಚೆ ಒಮ್ಮೆ ಕಣ್ಣಾರೆ ನೋಡಲು ಬಂದಿದ್ದರು.

ಪ್ರಣೀತಾ ಹೊಗೆಯ ವಿಷ ಅಳೆಯುವ ಮೀಟರ್ ಹಾಕಿದಳು. ಕೂಡಲೇ ಒಳಗಿನಿಂದ, ಕೆಲಸದ ಹುಡುಗನಿಗೆ ಅಪ್ಪನ ಕೂಗು.

“ಸತೀಶಾ, ಮಗಳ ಮೆಷಿನ್ ಶುರುವಾಯ್ತು! ಗ್ರೈಂಡರ್ ಬಂದ್ ಮಾಡು ಮಾರಾಯ. ಫ್ರೀಜರ್ ಸಹ!”

ಜನರೇಟರಿನ ಗುಡುಗು ಇಳಿದು ಗೊಣಗಾಟವಾಯಿತು.

“ಯಾಕೆ ನಿಲ್ಲಿಸಿದ್ರಿ, ವಿಷ್ಣುಮೂರ್ತಿಗಳೇ?” ಎಂದರು ಮೇಡಂ.

ಅಪ್ಪ ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದರು. “ಇವಳು ಅಳೆಯುವಾಗ ಯಾವಾಗ್ಲೂ ನಿಲ್ಲಿಸ್ತೇವೆ ಮೇಡಂ. ಭಾರ ಬಿದ್ರೆ ಹೊಗೆ ಜಾಸ್ತಿ ಅಲ್ವಾ? ಮಗಳ ಪರೀಕ್ಷೆ, ನಮ್ಮ ಕೈಲಾದಷ್ಟು. ಇಡ್ಲಿ ಹಿಟ್ಟು ಸ್ವಲ್ಪ ತಡವಾದ್ರೆ ಎಂತ ಆಗುದಿಲ್ಲ.”

ಪ್ರಣೀತಾಳ ಕಿವಿ ಬಿಸಿಯಾಯಿತು. ಇಷ್ಟು ದಿನವೂ ಇಯರ್‌ಫೋನ್ ಸಿಕ್ಕಿಸಿಕೊಂಡು ಮೀಟರನ್ನೇ ನೋಡುತ್ತ ಕೂತಿದ್ದಳು. “ಎಂತ ಅಳೀತಿ ಮಗಾ?” ಎಂದು ಅಪ್ಪ ಒಮ್ಮೆ ಕೇಳಿದ್ದಕ್ಕೆ, “ನಿಮಗೆ ಅರ್ಥ ಆಗ್ಲಿಕ್ಕಿಲ್ಲ, ಬಿಡಿ” ಅಂದಿದ್ದಳು.

“ಮೇಡಂ, ಇದು ಅಪ್ಪ ಮಾಡಿದ್ದು. ನಂಗೆ ಗೊತ್ತೇ ಇರ್ಲಿಲ್ಲ!”

ಅಪ್ಪನ ನಗು ಅರ್ಧಕ್ಕೇ ನಿಂತಿತು. “ತಪ್ಪಾಯ್ತಾ ಮಗಾ?”

“ಅವರು ನಿಲ್ಲಿಸಿದ್ರು, ಸರಿ ಕಣಮ್ಮ,” ಮೇಡಂ ಮೆಲ್ಲಗೆ ಹೇಳಿದರು. “ಸದ್ದು ಇಳಿದದ್ದು ನಿಂಗೆ ಒಂದು ದಿನವೂ ಕೇಳಿಸ್ಲಿಲ್ವಾ?”

ಪ್ರಣೀತಾ ತಾನೇ ಒಳಗೆ ಹೋಗಿ ಗ್ರೈಂಡರ್ ಹಾಕಿದಳು, ಫ್ರೀಜರ್ ಹಾಕಿದಳು. ಜನರೇಟರ್ ಮತ್ತೆ ಗುಡುಗಿತು. ಹೊಗೆಯ ಬಿಸಿ ಏರಿದಂತೆ ಮೀಟರಿನ ಅಂಕಿಯೂ ಏರುತ್ತಲೇ ಹೋಯಿತು, ಡಬ್ಬಿ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಮೇಡಂ ದೆಹಲಿಗೆ ಫೋನ್ ಮಾಡಲು ಗೇಟಿನಾಚೆ ಹೋದರು.

“ನಿಲ್ಲಿಸ್ಲಾ?” ಅಪ್ಪ ಪಿಸುಗುಟ್ಟಿದರು.

“ಬೇಡಪ್ಪ, ಓಡ್ಲಿ. ನನ್ನದೇ ತಪ್ಪು. ಬಿಸಿ ಜಾಸ್ತಿಯಾದ್ರೆ ಹೈಡ್ರೋಜನ್ ಆ ವಿಷವನ್ನು ಮುಟ್ಟುವ ಮೊದ್ಲೇ ಸುಮ್ನೆ ಉರಿದುಹೋಗ್ತದೆ. ಅದನ್ನೇ ನಾನು ನೋಡ್ಬೇಕಿತ್ತು.”

ಅಪ್ಪನ ಮುಖ ನೋಡುವ ಧೈರ್ಯವಾಗದೆ, ಮೀಟರಿನ ಕಡೆ ತಿರುಗಿಯೇ ಅವಳು ಇದನ್ನೆಲ್ಲ ಹೇಳಿದಳು. ಅಪ್ಪ ಹತ್ತಿರ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ, ಆ ಅಂಕಿಯನ್ನು ಕಣ್ಣು ಕಿರಿದು ಮಾಡಿ ನೋಡತೊಡಗಿದರು.